ಡಿಕ್ಕಿ ತೆರೆಯದ ಕೀ

ಬಂದ್ಯೋಡು
6 ಅಕ್ಟೋಬರ್ 2024

ಪ್ರೀತಿಯ ಭವ್ಯಾ,

ನಿನ್ನ ಕಾರನ್ನು ಇವತ್ತು ಮೊದಲ ಸಲ ಸ್ಟಾರ್ಟ್ ಮಾಡಿದೆ. ಬೆಳಿಗ್ಗೆ ನೀನು ಫೋನಿನಲ್ಲಿ ಕೇಳಿದಾಗ “ಹ್ಞೂಂ, ಆಯಿತು” ಎಂದಷ್ಟೇ ಹೇಳಿದೆನೆಂದು ನಿನಗೆ ಸಿಟ್ಟು. ಫೋನ್ ಕಿವಿಗೆ ಹಿಡಿದರೆ ನನಗೆ ಎರಡು ಮಾತಿಗಿಂತ ಹೆಚ್ಚು ಬರುವುದಿಲ್ಲ ಎಂದು ನಿನಗೆ ಹೈಸ್ಕೂಲಿನಿಂದಲೂ ಗೊತ್ತು. ಹಾಗಾಗಿ ಬರೆಯುತ್ತಿದ್ದೇನೆ. ಶ್ರೀಕೃಷ್ಣಣ್ಣ ಬುಧವಾರ ಶಾರ್ಜಾಕ್ಕೆ ವಾಪಸು ಹೊರಡುತ್ತಾರಂತೆ, ಅವರ ಕೈಯಲ್ಲಿ ಕೊಡುತ್ತೇನೆ. ನೀನೂ ಹಾಗೆಯೇ ಕಳುಹಿಸು.

ಉಪ್ಪಳದಲ್ಲಿ ನಿಮ್ಮ ಸಾಲಿನ ಮನೆಗಳಲ್ಲಿ ಮೂರಕ್ಕೊಂದರಲ್ಲಿ ಹೀಗೊಂದು ಕಾರು ಕವರು ಹೊದ್ದು ನಿಂತಿದೆ. ಯಜಮಾನರು ಗಲ್ಫಿನಲ್ಲಿ. ಬ್ಯಾಟರಿ ಸಾಯದಿರಲೆಂದು ವಾರಕ್ಕೊಮ್ಮೆ ಗೊತ್ತಿನವರು ಯಾರೋ ಬಂದು ಎಬ್ಬಿಸಿ ಹೋಗುತ್ತಾರೆ. ಆ ಗೊತ್ತಿನವರೆಲ್ಲ ಗಂಡಸರೇ ಎಂದು ಇವತ್ತು ಗಮನಿಸಿದೆ. ಎದುರು ಮನೆಯವರು ಗೇಟಿನ ಹತ್ತಿರ ನಿಂತು ನೋಡಿದರು. ಡ್ರೈವಿಂಗ್ ಟೆಸ್ಟಿನಲ್ಲಿ ಕಂಬಿಗಳ ನಡುವೆ ಮೊದಲ ಸಲಕ್ಕೇ ‘ಎಚ್’ ಆಕಾರದಲ್ಲಿ ಕಾರು ಓಡಿಸಿದವಳು ನಾನು, ಮೂರು ಸಲ ಕಂಬಿ ಬೀಳಿಸಿದವಳು ನೀನು ಎಂದು ಅವರಿಗೆ ಗೊತ್ತಿಲ್ಲ.

ನಿನ್ನ ಅತ್ತೆ ಮೋಹಿನಿಯಮ್ಮ ಕಾಫಿ ಕೊಟ್ಟರು. “ನೀನು ಮಾತೇ ಆಡುವುದಿಲ್ಲ ಮಗಾ, ಹಾರ್ನ್ ಹಾಕ್ಲಿಕ್ಕಾದರೂ ಧೈರ್ಯ ಉಂಟಾ?” ಎಂದು ಕೇಳಿದರು. ನಾನು ನಕ್ಕೆ. ಹೈವೇ ಕೆಲಸದ ಧೂಳು ಗಾಜಿನ ಮೇಲೆ ದಪ್ಪಗೆ ಕೂತಿತ್ತು. ಒರೆಸುವ ಬಟ್ಟೆ ಡಿಕ್ಕಿಯಲ್ಲಿರಬಹುದೆಂದು ಕೀ ಹಾಕಿದೆ. ಹೋಯಿತು, ಆದರೆ ತಿರುಗಲಿಲ್ಲ. ಅಷ್ಟರಲ್ಲಿ ಮೋಹಿನಿಯಮ್ಮ, “ಅದಕ್ಕೆ ಕೈ ಹಾಕಬೇಡ, ದೈವದ ಗಗ್ಗರ ಉಂಟು ಅದರಲ್ಲಿ” ಎಂದರು.

ನೀವು ಹೊರಟ ದಿನ ಪ್ರವೀತಣ್ಣ ಮಂಗಳೂರಿನ ಬೆಳ್ಳಿ ಕೆಲಸದವರಲ್ಲಿ ಅದರ ಕೊಂಡಿಗೆ ಬೆಸುಗೆ ಹಾಕಿಸಿ ತಂದರಂತೆ. ಅದೇ ದಿನ ಅವರ ತಮ್ಮ ವಿನೀತ್‌ಗೆ ಮಗು ಹುಟ್ಟಿದ್ದರಿಂದ ಮನೆಗೆ ಅಮೆ. ಪುರುಡಿನ ಮನೆಯೊಳಗೆ ದೈವದ ಕಾಲಿಗೆ ಕಟ್ಟುವ ಬೆಳ್ಳಿಯ ಗಗ್ಗರ ತರುವ ಹಾಗಿಲ್ಲ. ಡಿಕ್ಕಿಯಲ್ಲೇ ಬಿಟ್ಟು ವಿಮಾನ ಹತ್ತಿದರು. ಹೆಂಗಸರು ಮುಟ್ಟುವ ವಸ್ತುವಲ್ಲವಾದ್ದರಿಂದ ಅಮೆ ಕಳೆದರೂ ಅದು ಅಲ್ಲೇ. ಫೆಬ್ರವರಿಯ ಕೋಲಕ್ಕೆ ಪ್ರವೀತಣ್ಣನೇ ಬಂದು ತೆಗೆಯಬೇಕು. ಅಲ್ಲಿಯವರೆಗೆ ಮೋಹಿನಿಯಮ್ಮ ದಿನಾ ಡಿಕ್ಕಿಯ ಮೇಲೆ ಒಂದು ದಾಸವಾಳ ಇಡುತ್ತಾರೆ. ಕಾರಿನ ಬೆನ್ನಿಗೆ ಕೈಮುಗಿಯುವುದನ್ನು ಇವತ್ತೇ ನೋಡಿದ್ದು.

ಅಷ್ಟು ಜನ ಇರುವಾಗ ಕೀ ನನಗೆ ಕೊಟ್ಟೆಯಲ್ಲ. ಬಸ್ಸಿನಲ್ಲಿ ಬರುವಾಗ ಎರಡು ಸಲ ಚೀಲದೊಳಗೆ ಕೈ ಹಾಕಿ ಮುಟ್ಟಿ ನೋಡಿದೆ.

ನಿನ್ನ
ಚಿತ್ತು


ಶಾರ್ಜಾ
27 ಅಕ್ಟೋಬರ್ 2024

ಚಿತ್ತೂ,

ನಿನ್ನ ಪತ್ರ ಓದುವಾಗ ನನ್ನ ನಗು ಕೇಳಿ ಪಕ್ಕದ ಫ್ಲ್ಯಾಟಿನ ತಮಿಳು ಹೆಂಗಸು ಬಾಗಿಲು ತಟ್ಟಿದಳು. ಅತ್ತೆ ಕಾರಿಗೆ ಹೂ ಇಡುತ್ತಾರೆಂದು ಪ್ರವೀತ್‌ಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ. ದೈವದ ವಿಷಯದಲ್ಲಿ ಅವರು ಅವರಮ್ಮನಿಗಿಂತ ಒಂದು ಕೈ ಹೆಚ್ಚು.

ಡಿಕ್ಕಿಯ ಬೀಗ ತುಕ್ಕು ಹಿಡಿದಿರಬೇಕು, ಅದರ ತಂಟೆಗೆ ಹೋಗಬೇಡ. ಆ ಕಾರಿನ ಎರಡು ಕಪ್ಪು ಕೀಗಳಲ್ಲಿ ಒಂದು ಪ್ರವೀತ್ ಬಳಿ ಇಲ್ಲಿದೆ. ಇನ್ನೊಂದನ್ನು ನಾನು ಎಲ್ಲೋ ಕಳೆದುಹಾಕಿ ಬೈಸಿಕೊಂಡದ್ದೂ ಆಯಿತು. ಈಗ ಊರಿನಲ್ಲಿರುವುದು ನಿನ್ನ ಕೈಯಲ್ಲಿರುವ ಬೂದು ಕೀ ಒಂದೇ. “ಯಾರಿಗೆ ಕೊಡುವುದು?” ಎಂದು ಪ್ರವೀತ್ ಕೇಳಿದಾಗ ನಾನು ಅರೆಗಳಿಗೆಯೂ ಯೋಚಿಸಲಿಲ್ಲ.

ಇನ್ನೊಂದು ವಿಷಯ. ಕಿಟ್ಟಣ್ಣ ಮಾವನ ಶಾಲೆಯಲ್ಲಿ ಕನ್ನಡ ಟೀಚರು ಹೆರಿಗೆ ರಜೆಗೆ ಹೋಗುತ್ತಾರಂತೆ. ಮಾವನೇ ಅಲ್ಲಿ ಮೆನೇಜರ್ ಅಲ್ಲವಾ, ತಂಗಿಯೆಂದು ನಮ್ಮ ಅತ್ತೆಯ ಮಾತನ್ನು ತೆಗೆದುಹಾಕುವುದಿಲ್ಲ. ಅತ್ತೆಯ ಹತ್ತಿರ ನಿನ್ನ ಹೆಸರು ಹೇಳಿಸಿದ್ದೇನೆ. ಎಂಎಯಲ್ಲಿ ರ‍್ಯಾಂಕು ಬಂದವಳು ಬೀಡಿಯ ಲೇಬಲ್ ಅಂಟಿಸುವ ಅಮ್ಮನ ಪಕ್ಕದಲ್ಲಿ ಪಿಎಸ್‌ಸಿ ಪುಸ್ತಕ ಹಿಡಿದು ಕೂತದ್ದು ಸಾಕು. ಅವರು ಕರೆದರೆ ಹೋಗು, ದಯವಿಟ್ಟು ಬಾಯಿಬಿಟ್ಟು ಮಾತಾಡು.

ನಿನ್ನ
ಭವ್ಯ


ಬಂದ್ಯೋಡು
24 ನವೆಂಬರ್ 2024

ಪ್ರೀತಿಯ ಭವ್ಯಾ,

ಶಾಲೆಗೆ ಸೇರಿ ಎರಡು ವಾರವಾಯಿತು. ಹೇಗೆ ಕೃತಜ್ಞತೆ ಹೇಳಲಿ ಎಂದು ಒಂದು ಪುಟ ಬರೆದು ಹರಿದೆ. ಎಂಟನೇ ಕ್ಲಾಸಿನಲ್ಲಿ ಮೊದಲ ದಿನ ನನ್ನ ಸ್ವರ ಮೂರನೇ ಬೆಂಚು ದಾಟಲಿಲ್ಲ. “ಟೀಚರ್, ನಿಮ್ಮ ವಾಲ್ಯೂಮ್ ಎಲ್ಲಿ ಉಂಟು?” ಎಂದು ಒಬ್ಬಳು ಕೇಳಿದಳು. ಈಗ ಐದನೇ ಬೆಂಚಿನವರೆಗೆ ಹೋಗುತ್ತದೆ. ಸಂಬಳ ಬಂದರೆ ಅಮ್ಮನಿಗೆ ಲೇಬಲ್ ಕೆಲಸ ಬಿಡಿಸಬೇಕು.

ಎರಡು ಸಂಗತಿ ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದುಬಿಡುತ್ತೇನೆ.

ಮೋಹಿನಿಯಮ್ಮ ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋಗಿ ವಿನೀತ್ ಮನೆಯಲ್ಲಿ ಒಂದು ವಾರ ಇದ್ದರಲ್ಲ. ಅವರು ಬಂದ ಮೇಲೆ ಇವತ್ತು ಹೋದೆ. ಕಾರು ನೂರ ಹದಿನೆಂಟು ಕಿಲೋಮೀಟರ್ ಹೆಚ್ಚು ಓಡಿದೆ. ನಾನು ಗೇಟಿನಿಂದ ಹೊರಗೆ ತೆಗೆಯುವುದೇ ಇಲ್ಲ. ಹಿಂದಿನ ಸೀಟಿನ ಸಂದಿಯಲ್ಲಿ ಗೊಂಡೆ ಹೂವಿನ ಎಸಳು, ಥರ್ಮೊಕೋಲಿನ ಚೂರು. ಸೀಟನ್ನು ಹಿಂದಕ್ಕೆ ತಳ್ಳಿದ್ದರಿಂದ ನನ್ನ ಕಾಲು ಕ್ಲಚ್ಚಿಗೆ ಎಟಕಲಿಲ್ಲ. ಊರಿನಲ್ಲಿ ಒಂದೇ ಕೀ ಎಂದು ನೀನು ಬರೆದಿದ್ದೆ.

ಇನ್ನೊಂದು. ಕೀ ಬಿಗಿಯಾಗುತ್ತಿತ್ತೆಂದು ಉಪ್ಪಳ ಸ್ಟೇಷನ್ ರಸ್ತೆಯ ಉಗ್ಗಪ್ಪಣ್ಣನ ಅಂಗಡಿಗೆ ಹೋದೆ. ಅವರು ಬೀಗ ರಿಪೇರಿ ಮಾಡುವವರು. ಕೀಯನ್ನು ಕನ್ನಡಕದ ಹತ್ತಿರ ಹಿಡಿದು ನಕ್ಕರು.

“ಇದು ಯಾರದ್ದು, ಟೀಚರೇ?”

“ನನ್ನ ಸ್ನೇಹಿತೆಯದ್ದು.”

“ಅವರು ನಿಮ್ಮನ್ನು ಡ್ರೈವರ್ ಮಾಡಿದ್ದಾರೆ ಮಾರಾಯ್ರೆ. ಇದು ವ್ಯಾಲೆ ಕೀ. ದೊಡ್ಡ ಹೋಟೆಲಲ್ಲಿ ಗಾಡಿ ನಿಲ್ಲಿಸ್ಲಿಕ್ಕೆ ಒಬ್ಬ ಇರ್ತಾನಲ್ಲ, ಅವನಿಗೆ ಕೊಡುವಂಥದ್ದು. ಬಾಗಿಲು ತೆಗೀತದೆ, ಇಂಜಿನ್ ಸ್ಟಾರ್ಟ್ ಆಗ್ತದೆ. ಡಿಕ್ಕಿ ತೆಗೆಯುವುದಿಲ್ಲ, ಮುಂದಿನ ಡ್ಯಾಶ್ ಪೆಟ್ಟಿಗೆ ತೆಗೆಯುವುದಿಲ್ಲ. ಸೀಟಿನ ಬದಿಯಲ್ಲಿ ಡಿಕ್ಕಿ ತೆಗೆಯುವ ಲಿವರ್ ಉಂಟಲ್ಲ, ಕಪ್ಪು ಕೀಯಲ್ಲಿ ಅದಕ್ಕೂ ಬೀಗ ಹಾಕಬಹುದು. ಅವನು ಗಾಡಿ ಓಡಿಸಬೇಕು, ಆದರೆ ಒಳಗಿನ ಸಾಮಾನು ಮುಟ್ಟಬಾರದು. ಅಷ್ಟೇ ಇದರ ಉಪಯೋಗ.”

ವಾಪಸು ಬಂದು ಲಿವರ್ ಎಳೆದು ನೋಡಿದೆ. ಅದಕ್ಕೂ ಬೀಗ ಹಾಕಿತ್ತು.

ತಪ್ಪಿಲ್ಲ. ದೈವದ ವಸ್ತು ಇರುವ ಡಿಕ್ಕಿಗೆ ಬೀಗ ಹಾಕುವುದು ಸರಿಯೇ. ತುಕ್ಕು ಎಂದು ಬರೆಯುವ ಬದಲು ನನಗೆ ಹೇಳಿದ್ದರೆ ಸಾಕಿತ್ತು.

ಚಿತ್ರಾ


ಶಾರ್ಜಾ
12 ಡಿಸೆಂಬರ್ 2024

ನನ್ನ ಚಿತ್ತೂ,

ನಿನ್ನ ಪತ್ರದ ಕೊನೆಯಲ್ಲಿ ‘ಚಿತ್ರಾ’ ಎಂದು ನೋಡಿ ಅತ್ತುಬಿಟ್ಟೆ. ನಿಜ ಹೇಳುತ್ತೇನೆ, ಬೂದು ಕೀ ಕೊಡಬೇಕೆಂದು ಹಟ ಹಿಡಿದದ್ದು ಪ್ರವೀತ್. ನಿನಗೆ ಬೇಜಾರಾದೀತೆಂದು ತುಕ್ಕು ಎಂದು ಬರೆದೆ. ಒಬ್ಬ ಅಂಗಡಿಯವನ ಬಾಯಲ್ಲಿ ನೀನು ಅದನ್ನು ಕೇಳುವ ಹಾಗಾಯಿತಲ್ಲ ಎಂದು ನನಗೆ ನಾಚಿಕೆಯಾಗಿದೆ.

ಈಗ ಕೇಳು. ಕಳೆದುಹೋದ ಕಪ್ಪು ಕೀ ಸಿಕ್ಕಿದೆ. ನನ್ನ ತವರಿನ ಕಪಾಟಿನಲ್ಲಿತ್ತಂತೆ, ತಮ್ಮ ಕುಶಲ್ ಹೇಳಿದ. ಅದು ನಿನ್ನ ಹತ್ತಿರವೇ ಇರಲಿ. ತಮ್ಮನಿಗೆ ಹೇಳಿದ್ದೇನೆ, ಅವನು ತಂದುಕೊಡುತ್ತಾನೆ, ನೀನು ಬೂದು ಕೀಯನ್ನು ಅವನಿಗೆ ಕೊಟ್ಟುಬಿಡು. ಡಿಕ್ಕಿ, ಡ್ಯಾಶ್, ಎಲ್ಲ ತೆರೆಯುವ ಕೀ. ಮನೆಯವಳಿಗೆ ಕೊಡುವ ಕೀ. ಮೊದಲೇ ಹೀಗೆ ಮಾಡಬೇಕಿತ್ತು.

ಪ್ರವೀತ್‌ಗೆ ಈಗಲೇ ಏನೂ ತಿಳಿಯುವುದು ಬೇಡ. ಸಮಯ ನೋಡಿ ನಾನೇ ಹೇಳುತ್ತೇನೆ. ಅತ್ತೆಗೂ ಹೇಳಬೇಡ.

ಇನ್ನು ಮೇಲೆ ಪೂರ್ತಿ ಹೆಸರು ಹಾಕಿ ಬರೆದರೆ ಮಾತು ಬಿಡುತ್ತೇನೆ.

ನಿನ್ನದೇ
ಭವ್ಯ


ಬಂದ್ಯೋಡು
5 ಜನವರಿ 2025

ಪ್ರೀತಿಯ ಭವ್ಯಾ,

ನಿನ್ನನ್ನು ಅಳಿಸಿದ್ದಕ್ಕೆ ಕ್ಷಮಿಸು. ಒಂದು ಕೀಯ ಬಣ್ಣಕ್ಕಾಗಿ ಅಷ್ಟು ದೊಡ್ಡ ಪತ್ರ ಬರೆದೆನಲ್ಲ ಎಂದು ಈಗ ನನಗೇ ಕಸಿವಿಸಿ.

ಕುಶಲ್ ಕಳೆದ ವಾರ ಬಂದ್ಯೋಡು ಬಸ್‌ಸ್ಟಾಪಿಗೆ ಬಂದಿದ್ದ. ಬೈಕಿನಿಂದ ಇಳಿಯಲಿಲ್ಲ, ಹೆಲ್ಮೆಟ್ಟೂ ತೆಗೆಯಲಿಲ್ಲ. “ಅಕ್ಕ ಹೇಳಿದ್ದಾಳೆ, ಚಿತ್ರಕ್ಕ” ಎಂದು ಕಪ್ಪು ಕೀ ಕೊಟ್ಟ, ಬೂದು ಕೀ ತೆಗೆದುಕೊಂಡ. “ಎಂತ ಅವಸರ? ಮನೆಗೆ ಬಾ, ಚಾ ಕುಡಿ” ಎಂದರೆ, “ಸ್ಟೇಜ್ ಕಟ್ಲಿಕ್ಕೆ ಉಂಟು, ಬರ್ತೇನೆ” ಎಂದು ಹೋದ. ಮದುವೆ ಸೀಸನ್ ಅಲ್ಲವಾ, ಅವನ ಡೆಕೊರೇಷನ್ನಿಗೆ ಬಿಡುವಿಲ್ಲ.

ಇವತ್ತು ಹೊಸ ಕೀಯಲ್ಲಿ ಸ್ಟಾರ್ಟ್ ಮಾಡಿದೆ. ಡಿಕ್ಕಿ ತೆರೆದು ನೋಡಲಿಲ್ಲ. ತೆರೆಯಬಹುದು ಎಂಬುದೇ ಸಾಕಾಯಿತು. ಮೋಹಿನಿಯಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಎಂದಿನಂತೆ ದಾಸವಾಳ ಇಟ್ಟರು, ತಡವಿ ತಡವಿ. ಹೂ ಜಾರಿ ಬಿತ್ತು. ನಾನು ಎತ್ತಿ ಇಟ್ಟೆ.

ನೂರ ಹದಿನೆಂಟು ಕಿಲೋಮೀಟರಿನ ಬಗ್ಗೆ ನೀನು ಏನೂ ಬರೆಯಲಿಲ್ಲ. ಇರಲಿ, ನಾನೇ ತಪ್ಪು ಓದಿರಬಹುದು.

ನಿನ್ನ
ಚಿತ್ತು


ಬಂದ್ಯೋಡು
11 ಫೆಬ್ರವರಿ 2025

ಭವ್ಯಾ,

ಮೂರು ದಿನದಿಂದ ಫೋನ್ ಮಾಡುತ್ತಿದ್ದೇನೆ. ನೀನು ಎತ್ತುತ್ತಿಲ್ಲ. ಹಾಗಾಗಿ ಕೊರಿಯರ್ ಮಾಡುತ್ತಿದ್ದೇನೆ.

ಪ್ರವೀತಣ್ಣ ಶನಿವಾರ ಬಂದರು. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಡಿಕ್ಕಿ ತೆರೆದರು. ಗಗ್ಗರ ಇರಲಿಲ್ಲ. ಸುತ್ತಿದ್ದ ಕೆಂಪು ಬಟ್ಟೆಯೂ ಇರಲಿಲ್ಲ. ನನ್ನನ್ನು ಕರೆಸಿದರು. ನಾನು ಕೀ ಮೇಜಿನ ಮೇಲಿಟ್ಟೆ. ಪ್ರವೀತಣ್ಣ ಅದನ್ನೇ ನೋಡಿದರು.

“ಇದು ನಿನ್ನ ಕೈಗೆ ಹೇಗೆ ಬಂತು? ನಾನು ನಿನಗೆ ಕೊಟ್ಟದ್ದು ಬೂದು ಕೀ. ಇದು ಕಳೆದುಹೋದ ಕೀ.”

ಕುಶಲ್ ಕೊಟ್ಟ ಎಂದೆ. ಕುಶಲನನ್ನು ಕರೆಸಿದರು. ಅವನು ನನ್ನ ಕಾಲಿನ ಹತ್ತಿರ ನೆಲ ನೋಡುತ್ತಾ, “ನಾನು ಯಾವ ಕೀಯನ್ನೂ ಕೊಡಲಿಲ್ಲ ಭಾವಾ” ಎಂದ. ಆಮೇಲೆ ಪ್ರವೀತಣ್ಣ ಸ್ಪೀಕರ್ ಇಟ್ಟು ನಿನಗೆ ಫೋನ್ ಮಾಡಿದರು. ಮೋಹಿನಿಯಮ್ಮ, ಕಿಟ್ಟಣ್ಣ ಮಾವ, ವಿನೀತ್, ನಾನು, ಎಲ್ಲರೂ ಅಲ್ಲಿ ನಿಂತಿದ್ದೆವು. ನನಗೆ ಹೆದರಿಕೆಯೇ ಇರಲಿಲ್ಲ ಭವ್ಯಾ. ನೀನು ಮಾತಾಡುತ್ತಿ, ಮುಗಿಯಿತು ಎಂದುಕೊಂಡೆ.

“ಕೀ ವಿಷಯ ನನಗೆ ಗೊತ್ತಿಲ್ಲ” ಎಂದು ನೀನು ಹೇಳಿದೆ. ನಿನ್ನ ಸ್ವರ ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

ಬೂದು ಕೀಯಿಂದ ಡಿಕ್ಕಿ ತೆಗೆಯಲಾಗುವುದಿಲ್ಲ. ಅದು ನನ್ನ ಬಳಿ ಇದ್ದಿದ್ದರೆ ಯಾರೂ ನನ್ನನ್ನು ಕೇಳುತ್ತಲೇ ಇರಲಿಲ್ಲ. ನಿನ್ನೆಯಿಡೀ ಇದನ್ನೇ ಯೋಚಿಸಿದೆ. ನಿನಗೆ ನನ್ನ ಮೇಲೆ ನಂಬಿಕೆ ಕಡಿಮೆ ಇದ್ದಷ್ಟು ದಿನ ನಾನು ಕ್ಷೇಮವಾಗಿದ್ದೆ.

ಇದು ತೀರ್ಮಾನವಾಗುವವರೆಗೆ ಶಾಲೆಗೆ ಬರುವುದು ಬೇಡ ಎಂದು ಕಿಟ್ಟಣ್ಣ ಮಾವ ಹೇಳಿದ್ದಾರೆ. ಕೋಲದ ದಿನ, 23ಕ್ಕೆ, ದೈವದ ಎದುರು ಬಂದು ನಾನು ಸತ್ಯ ಹೇಳಬೇಕಂತೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಈಗ ಖಾಲಿ ಇರುತ್ತದೆ. ಅಮ್ಮ ಏನೂ ಕೇಳುವುದಿಲ್ಲ, ಲೇಬಲ್ ಅಂಟಿಸುತ್ತಾ ಕೂತಿರುತ್ತಾರೆ.

ನಿನ್ನ ಡಿಸೆಂಬರ್ ಪತ್ರ ನನ್ನ ಪೆಟ್ಟಿಗೆಯಲ್ಲಿದೆ. ಯಾರಿಗೂ ತೋರಿಸಿಲ್ಲ. ನೀನೇ ಹೇಳುತ್ತಿ ಎಂದು ಕಾಯುತ್ತಿದ್ದೇನೆ.

ಚಿತ್ರಾ


ಶಾರ್ಜಾ
16 ಫೆಬ್ರವರಿ 2025

ಚಿತ್ತೂ,

ಫೋನಿನಲ್ಲಿ ಮಾತಾಡಿದರೆ ನನ್ನ ಸ್ವರ ನಡುಗುತ್ತದೆ. ಶ್ರೀಕೃಷ್ಣಣ್ಣ ಕೋಲಕ್ಕೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳುಹಿಸುತ್ತಿದ್ದೇನೆ. ಓದಿ ಸುಟ್ಟುಬಿಡು.

ಕಪ್ಪು ಕೀ ಕಳೆದಿರಲೇ ಇಲ್ಲ. ಹೊರಡುವ ಮೊದಲು ಕುಶಲ್‌ಗೆ ಕೊಟ್ಟಿದ್ದೆ. ಡೆಕೊರೇಷನ್ ಶುರುಮಾಡಿದಾಗ ಅವನಿಗೆ ಗಾಡಿ ಇರಲಿಲ್ಲ. ಪ್ರವೀತ್‌ಗೆ ಹೇಳಿದ್ದರೆ ನನ್ನ ತವರಿನವರ ಬಗ್ಗೆ ಏನು ಮಾತು ಬರುತ್ತಿತ್ತೆಂದು ನಿನಗೆ ಗೊತ್ತಿಲ್ಲ. ಅತ್ತೆ ಇಲ್ಲದಾಗ ಮಾತ್ರ ತೆಗೆ ಎಂದಿದ್ದೆ. ಅತ್ತೆಯದು ಹೇಗೂ ಒಂದು ಕಣ್ಣು ಮಂಜು, ಒಂದು ಕಿವಿ ಮಂದ, ಅವರ ಎದುರು ಕಾರನ್ನೇ ಮಾರಿದರೂ ಗೊತ್ತಾಗುವುದಿಲ್ಲ.

ನವೆಂಬರಿನಲ್ಲಿ ದೇಲಂಪಾಡಿಯಲ್ಲಿ ಒಂದು ಮದುವೆ ಇತ್ತು. ಹೂವಿನ ಬುಟ್ಟಿ ಇಡಲು ಡಿಕ್ಕಿ ಖಾಲಿ ಮಾಡಿ ಗಂಟನ್ನು ಚಪ್ಪರದ ಮೂಲೆಯಲ್ಲಿ ಇಟ್ಟನಂತೆ. ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ. ವಾಪಸು ಬರುವಾಗ ಮರೆತ. ಮರುದಿನ ಹೋದರೆ ಇಲ್ಲ. ಹೀಗೆಂದು ಅವನು ಹೇಳುತ್ತಾನೆ, ನಾನು ನಂಬಿದ್ದೇನೆ.

ನಿನ್ನ ನವೆಂಬರಿನ ಪತ್ರ ಬಂದ ದಿನವೇ ಅವನು ಅಳುತ್ತಾ ಫೋನ್ ಮಾಡಿದ. ಕಪ್ಪು ಕೀ ಅವನ ಕೈಯಲ್ಲಿ ಸಿಕ್ಕಿದರೆ ಮುಗಿಯಿತು ಎಂದು ಹೆದರಿದೆ. ಆಮೇಲೆ ಆದದ್ದು ನಿನಗೆ ಗೊತ್ತು. ನಿನಗೆ ಇಷ್ಟು ತೊಂದರೆಯಾದೀತೆಂದು ನಾನು ನೆನೆಸಿರಲಿಲ್ಲ.

ಒಂದು ಉಪಕಾರ ಮಾಡು. ಕಪ್ಪು ಕೀ ಕಾರಿನ ಮ್ಯಾಟಿನ ಕೆಳಗೆ ಸಿಕ್ಕಿತು, ಕೊಡಲು ಮರೆತೆ, ಒಂದು ದಿನ ಡಿಕ್ಕಿಗೆ ಬೀಗ ಹಾಕಲು ಮರೆತೆ ಎಂದು ಹೇಳು. ಕದ್ದೆ ಎಂದಲ್ಲ, ಮರೆತೆ ಎಂದು. ನಿನ್ನಂಥ ಮೆತ್ತಗಿನ ಹುಡುಗಿಯನ್ನು ಯಾರೂ ಜೋರು ಮಾಡುವುದಿಲ್ಲ. ನೀನು ಹೇಳಿದರೆ ನಂಬುತ್ತಾರೆ. ಕೆಲಸದ ಬಗ್ಗೆ ಆಮೇಲೆ ಅತ್ತೆಯಿಂದ ನಾನೇ ಹೇಳಿಸುತ್ತೇನೆ. ನನಗೆ ಇಲ್ಲಿ ಒಂದು ಮನೆ ಇದೆ ಚಿತ್ತೂ, ಅದು ಮುರಿಯುತ್ತದೆ.

ಭವ್ಯ


ಬಂದ್ಯೋಡು
24 ಫೆಬ್ರವರಿ 2025

ಭವ್ಯಶ್ರೀಗೆ,

ನಿನ್ನ ಪತ್ರ ಶುಕ್ರವಾರ ಸಿಕ್ಕಿತು. ಸುಡಲಿಲ್ಲ.

ಶನಿವಾರ ಮಧ್ಯಾಹ್ನ ಅದನ್ನು ಹಿಡಿದುಕೊಂಡು ಉಪ್ಪಳಕ್ಕೆ ಹೋದೆ. ಗಂಡಸರೆಲ್ಲ ಕೋಲದ ಚಪ್ಪರ ಹಾಕುವಲ್ಲಿದ್ದರು. ಮೋಹಿನಿಯಮ್ಮ ಹಿಂದಿನ ಜಗಲಿಯಲ್ಲಿ ಬಾಳೆಎಲೆ ಒರೆಸುತ್ತಿದ್ದರು. ನನ್ನನ್ನು ನೋಡಿ ಕೂರು ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಪತ್ರವನ್ನು ಅವರ ಕೈಯಲ್ಲಿಟ್ಟೆ. ತಿರುಗಿಸಿ ನೋಡಿ ನನಗೇ ಕೊಟ್ಟರು.

“ನಾನು ಕಲಿತದ್ದು ಮಲಯಾಳ. ನೀನೇ ಓದು.”

ಈ ಒಂದು ಮಾತು ನನಗೆ ಮೊದಲೇ ಹೊಳೆದಿರಲಿಲ್ಲ. ಕೊಟ್ಟು ಓಡಿ ಬರುತ್ತೇನೆಂದು ಹೋಗಿದ್ದೆ. ಈಗ ನಿನ್ನ ಮಾತನ್ನು ನನ್ನ ಬಾಯಿಂದ, ನಿನ್ನ ಅತ್ತೆಗೆ ಕೇಳುವಷ್ಟು ಜೋರಾಗಿ ಹೇಳಬೇಕಾಯಿತು. ‘ನಿನ್ನಂಥ ಮೆತ್ತಗಿನ ಹುಡುಗಿ’ ಎಂಬಲ್ಲಿಯೂ ನಿಲ್ಲಿಸಲಿಲ್ಲ. ಕಣ್ಣು, ಕಿವಿಯ ಬಗ್ಗೆ ನೀನು ಬರೆದ ಸಾಲು ಬಂದಾಗ ಮಾತ್ರ ಬಿಟ್ಟು ಮುಂದೆ ಹೋದೆ.

ಓದಿ ಮುಗಿದ ಮೇಲೆ ಮೋಹಿನಿಯಮ್ಮ ಕೇಳಿದರು, “ನಡುವೆ ಒಂದು ಕಡೆ ನಿಂತಿ. ಎಂತ ಬಿಟ್ಟದ್ದು?”

“ಅಕ್ಷರ ಗೊತ್ತಾಗಲಿಲ್ಲ.”

“ನಿನಗಾ? ಕನ್ನಡ ಟೀಚರಿಗಾ?”

ನಾನು ಪತ್ರ ಮಡಚಿದೆ. ಅವರು ಎಲೆ ಒರೆಸಿದರು. ಎರಡು ಎಲೆ ಹರಿದವು, ಬದಿಗಿಟ್ಟರು. “ಮೂರು ತಿಂಗಳು ಖಾಲಿ ಡಿಕ್ಕಿಗೆ ಹೂ ಇಟ್ಟೆನಲ್ಲ ನಾನು” ಎಂದರು. ಆಮೇಲೆ, “ಅವಳಿಗೆ ಮೂರನೇ ತಿಂಗಳು. ನಿನಗೆ ಹೇಳಿದ್ದಾಳಾ?” ಎಂದು ಕೇಳಿದರು. ಇಲ್ಲ ಎಂದೆ. “ನಾಳೆ ನಾನು ಮಾತಾಡ್ತೇನೆ. ನೀನು ಹೋಗು ಮಗಾ.”

ನನಗೂ ಹೇಳದ ಎಷ್ಟು ಸಂಗತಿಗಳಿವೆ ನಿನ್ನ ಬಳಿ ಎಂದು ಬಸ್ಸಿನಲ್ಲಿ ಎಣಿಸಲು ಹೋಗಿ ಬಿಟ್ಟೆ.

ನಿನ್ನೆ ಮಧ್ಯಾಹ್ನ ದೈವದ ಒಡವೆ, ಆಯುಧಗಳ ಭಂಡಾರ ಏರುವ ಮೊದಲು ಎಲ್ಲರೂ ಅಂಗಳದಲ್ಲಿ ಸೇರಿದರು. ದೈವಕ್ಕೆ ಬೇರೆ ಜೊತೆ ಗಗ್ಗರ ತರಿಸಿದ್ದರು. ಕುಶಲ್ ತೆಂಗಿನ ಮರದ ಹತ್ತಿರ ನಿಂತಿದ್ದ. ನನ್ನನ್ನು ಕರೆಯುವಷ್ಟರಲ್ಲಿ ಮೋಹಿನಿಯಮ್ಮ ಎದ್ದರು. “ಕೀಯ ವಿಷಯ ನಮ್ಮ ಮನೆಯೊಳಗಿನದ್ದು. ತಪ್ಪುಕಾಣಿಕೆ ನಾನು ಇಡ್ತೇನೆ. ಆ ಹುಡುಗಿಯನ್ನು ಯಾರೂ ಕೇಳುವುದು ಬೇಡ” ಎಂದರು. ಅಷ್ಟೇ. ನಿನ್ನ ಹೆಸರಿಲ್ಲ, ಕುಶಲನ ಹೆಸರಿಲ್ಲ. ನನ್ನ ತಪ್ಪಿಲ್ಲ ಎಂಬ ಮಾತೂ ಇಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಪ, ದೊಡ್ಡ ಮನಸ್ಸು ಎಂದು ಯಾರೋ ಹೇಳಿದರು, ಮೋಹಿನಿಯಮ್ಮನಿಗೆ. ಕಿಟ್ಟಣ್ಣ ಮಾವ ನನ್ನ ಹತ್ತಿರ ಬಂದು ತಲೆ ಸವರಿದರು. “ಆದದ್ದು ಆಯಿತು. ತಂಗಿ ಮನ್ನಿಸಿದ್ದಾಳೆ, ದೈವವೂ ಮನ್ನಿಸ್ತದೆ. ನಾಳೆ ಶಾಲೆಗೆ ಬಾ.”

ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು ಭವ್ಯಾ. ಕೆಲಸ ಉಳಿಯಿತು. ನಿನ್ನ ಮನೆಯೂ ಉಳಿಯಿತು. ತಲೆ ತಗ್ಗಿಸಿ ‘ಹ್ಞೂಂ’ ಎಂದರೆ ಸಾಕಿತ್ತು, ಅದು ನನಗೆ ಚೆನ್ನಾಗಿ ಬರುವ ಮಾತು.

“ಮನ್ನಿಸಲು ನಾನು ತಪ್ಪೇ ಮಾಡಲಿಲ್ಲ, ಮಾವ” ಎಂದೆ.

ಅವರಿಗೆ ಕೇಳಲಿಲ್ಲ. ಇನ್ನೊಮ್ಮೆ ಹೇಳಿದೆ. ಈ ಸಲ ಚೆಂಡೆಯವರೂ ತಿರುಗಿ ನೋಡಿದರು. ಮೋಹಿನಿಯಮ್ಮ ಕಣ್ಣು ಮುಚ್ಚಿಕೊಂಡರು. ಪ್ರವೀತಣ್ಣ ಜನರ ನಡುವಿನಿಂದ ಮುಂದೆ ಬಂದರು.

“ಹಾಗಾದರೆ ಕಪ್ಪು ಕೀ ನಿನಗೆ ಯಾರು ಕೊಟ್ಟದ್ದು?”

ನಿನ್ನ ಎರಡು ಪತ್ರಗಳು ನನ್ನ ಚೀಲದಲ್ಲಿದ್ದವು. ಚೀಲದ ಜಿಪ್ಪಿನ ಮೇಲೆ ನನ್ನ ಕೈ ಇತ್ತು.

“ಭವ್ಯಳನ್ನು ಕೇಳಿ. ಸ್ಪೀಕರ್ ಇಡಬೇಡಿ. ಅವಳೊಬ್ಬಳೇ ಇರುವಾಗ ಕೇಳಿ” ಎಂದು ಹೇಳಿ ಅಂಗಳ ಇಳಿದು ಬಂದೆ.

ಇವತ್ತು ಶಾಲೆಗೆ ಹೋದೆ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಎಂಟನೇ ಕ್ಲಾಸಿನಲ್ಲಿ ಪಾಠ ಮಾಡಿದೆ.

ಈ ಕಾಗದ ನಿನ್ನ ಕೈಗೆ ಬರುವ ಮೊದಲೇ ಪ್ರವೀತಣ್ಣ ಕೇಳಿರುತ್ತಾರೆ, ನೀನು ಉತ್ತರ ಕೊಟ್ಟಿರುತ್ತಿ. ಏನು ಹೇಳಿದೆ ಎಂದು ನನಗೆ ಬರೆಯಬೇಡ.

ಚಿತ್ರಾ ಬಿ.
ಕನ್ನಡ ಅಧ್ಯಾಪಿಕೆ